ಗುಮ್ಮಟಕ್ಕೆ ಅಗಸೆ ಎಣ್ಣೆ

ಅಗಸೆ ಎಣ್ಣೆ ಕಾಯುವ ವಾಸನೆ ಅತಿಯಾಳ ಮೂಗಿನಲ್ಲಿ ಏಳನೆಯ ವಯಸ್ಸಿಗೆ ಹೊಕ್ಕು ಕುಳಿತದ್ದು, ಮೂವತ್ತೆರಡಾದರೂ ಹೊರಗೆ ಹೋಗಿರಲಿಲ್ಲ. ಮೊಹರಂ ಹತ್ತಿರ ಬಂದಾಗ ಅದು ರೇಷ್ಮಾಬಿಯ ಹಿತ್ತಲಿನಿಂದ ಏಳುತ್ತಿತ್ತು. ಮೊದಲು ಹುರಿದ ಕಾಳಿನ ಘಮ, ಅದರ ಬೆನ್ನಿಗೆ ಸಣ್ಣ ಕಹಿ, ಆಮೇಲೆ ಗಂಟಲಿಗೆ ಅಂಟಿಕೊಳ್ಳುವ ಏನೋ ಒಂದು. ಮೆರವಣಿಗೆಯ ತಾಬೂತಿಗೆ ಬೇಗಡೆ ಅಂಟಿಸಲು ಆ ಮನೆಯವರು ವರ್ಷಕ್ಕೊಮ್ಮೆ ಆ ಎಣ್ಣೆ ಕಾಸುತ್ತಿದ್ದರು. ಗೋಡೆಯಾಚೆ ಮೂಗರಳಿಸಿ ನಿಂತ ಮಕ್ಕಳಿಗೆ ರೇಷ್ಮಾಬಿ ಒಂದೊಂದು ತುಂಡು ರೊಟ್ಟಿಗೆ ಅಗಸೆ ಹಿಂಡಿಯ ಚಟ್ನಿ ಸವರಿ ಕೊಟ್ಟು, "ತಿಂದು ಹೋಗ್ರಿ, ಒಳಗ ಮಾತ್ರ ಬರಬ್ಯಾಡ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ಮನೆಯ ಮಗ ನದೀಮನನ್ನು ಅತಿಯಾ ಹತ್ತಿರದಿಂದ ನೋಡಿದ್ದು ಮಾತ್ರ ಈ ವರ್ಷದ ಮೇ ತಿಂಗಳಿನಲ್ಲಿ, ದರ್ಗಾದ ಗುಮ್ಮಟಕ್ಕೆ ಕಟ್ಟಿದ ಬಿದಿರಿನ ಅಟ್ಟಣಿಗೆಯ ಮೇಲೆ. ಅದೂ ಬೈಗುಳದಂಥ ಒಂದು ಕೂಗಿನಿಂದ.

"ಅಲ್ಲಾಡಬ್ಯಾಡ್ರಿ! ಉಸರೂ ಬಿಡಬ್ಯಾಡ್ರಿ!"

ಅವಳು ಗುಮ್ಮಟದ ಕೊರಳಿನಲ್ಲಿದ್ದ ಹಳೆಯ ಹೂಬಳ್ಳಿಯನ್ನು ಕಾಗದಕ್ಕೆ ಇಳಿಸುತ್ತಿದ್ದಳು. ಹಾವೋ ಚೇಳೋ ಎಂದು ಪೆನ್ಸಿಲ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಮೇಲಿನ ಹಲಗೆಯಿಂದ ನದೀಮ್ ಸರಸರನೆ ಇಳಿದು ಬಂದ. ಅಂಗೈ ಅಗಲದ ತೆಳು ಬ್ರಷ್ಷನ್ನು ತನ್ನದೇ ಕೆನ್ನೆಯ ಮೇಲೆ ಒಮ್ಮೆ ಎಳೆದುಕೊಂಡು, ಅವಳ ಭುಜದ ಕಡೆ ಬಗ್ಗಿದ. ಅವಳ ದುಪಟ್ಟಾದ ಮೇಲೆ ಚಿಟ್ಟೆಯಂತೆ ಕುಳಿತಿದ್ದ ಬಂಗಾರದ ತೆಳು ಹಾಳೆ, ವರ್ಕೊಂದು, ಬ್ರಷ್ಷಿನ ಕೂದಲಿಗೆ ಅಂಟಿ ಮೇಲೆದ್ದಿತು.

"ಈಗ ಉಸರಾಡ್ರಿ, ಅಕ್ಕೋರ," ಅಂದ.

"ನಾ ಸಾಲಿ ಮಕ್ಕಳಿಗೆ ಅಕ್ಕೋರ. ನಿಮಗಲ್ಲ."

"ಮತ್ತೇನನ್ಲಿ?"

"ಕೂಗೂದು ಬಿಡ್ರಿ ಸಾಕು. ಕೆನ್ನಿಗೆ ಯಾಕ ಬ್ರಷ್ ತಿಕ್ಕೊಂಡ್ರಿ?"

"ಕೆನ್ನಿ ಮ್ಯಾಲ ಒಂಚೂರು ಜಿಡ್ಡ ಇರತೈತ್ರಿ. ಆ ಜಿಡ್ಡಿಗೆ ವರ್ಕು ಹತ್ತತೈತಿ. ಕೈಲೆ ಮುಟ್ಟಿದ್ರ ಪುಡಿ." ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, "ನಿಮ್ಮ ಕೆನ್ನಿಗೆ ತಿಕ್ಕಿದ್ರ ಬ್ರಷ್ ಸುಟ್ಟ ಹೋಗತಿತ್ತು. ಅಷ್ಟ ಸಿಟ್ಟ ಕಾಣಸ್ತೈತಿ," ಎಂದು ಏಣಿ ಹತ್ತಿದ.

ಅತಿಯಾ ಆ ದಿನ ಬರೆದ ಬಳ್ಳಿಯ ಎಲೆಗಳೆಲ್ಲ ಸೊಟ್ಟಗಾದವು.

ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ಗಂಟೆ ಆಚೆ, ಎರೆ ಹೊಲಗಳ ನಡುವಿನ ಊರು ಅದು. ಊರ ದರ್ಗಾದ ಗುಮ್ಮಟ ದೊಡ್ಡದೇನಲ್ಲ. ತಾಮ್ರದ ತಗಡಿನ ಮೇಲೆ ಬಂಗಾರದ ವರ್ಕು ಹೊದಿಸಿದ್ದು, ಎಂಬತ್ತು ವರ್ಷಗಳ ಹಿಂದೆ ನದೀಮನ ಮುತ್ತಜ್ಜ. ಈಗ ಅಲ್ಲಲ್ಲಿ ಬಂಗಾರ ಹೋಗಿ ಹಸಿರು ಕಿಲುಬು ಹತ್ತಿತ್ತು. ಕಮಿಟಿಯ ಹಿರಿಯ ಹಸನಸಾಬ, ಅಂದರೆ ಅತಿಯಾಳ ತಂದೆ, ಊರೆಲ್ಲ ತಿರುಗಿ ಎಲ್ಲ ಜಾತಿಯವರಿಂದ ಬಂಗಾರಕ್ಕೆ ಮನೆಗಿಷ್ಟೆಂದು ವರಾಡ ಎತ್ತಿದ್ದರು. ನದೀಮ್ ಚಿಕ್ಕಂದಿನಿಂದ ಅಳ್ನಾವರದ ಸೋದರಮಾವನ ಪಾಲಿಶ್ ಅಂಗಡಿಯಲ್ಲಿ ಬೆಳೆದವನು, ಆಮೇಲೆ ನಾಲ್ಕು ವರ್ಷ ಅರ್ಮೇನಿಯಾದಲ್ಲಿ ಒಂದು ದೊಡ್ಡ ರಷ್ಯನ್ ಚರ್ಚಿನ ಗುಮ್ಮಟಕ್ಕೆ ಬಂಗಾರ ಹಚ್ಚಿ ಬಂದವನು. ಅವನಿಗಿಂತ ತಕ್ಕವರು ಯಾರು? ಹೂಬಳ್ಳಿಯ ನಕಲು ತೆಗೆಯಲು ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಆಗಿರುವ ತಮ್ಮ ಮಗಳಿಗಿಂತ ಯಾರು?

ಲೆಕ್ಕವೆಲ್ಲ ಸರಿಯಿತ್ತು. ಬಂಗಾರವೊಂದು ಹಿಡಿಯಲಿಲ್ಲ.

ವರ್ಕಿನ ಅಡಿಗೆ ಹಚ್ಚುವ ಅಂಟನ್ನು ನದೀಮ್ ಅರ್ಮೇನಿಯಾದಿಂದಲೇ ಡಬ್ಬಿಯಲ್ಲಿ ತಂದಿದ್ದ. ಅಲ್ಲಿಯ ತಂಪಿನಲ್ಲಿ ಅದು ಅರ್ಧ ದಿನ ಹದವಾಗಿ ಇರುತ್ತಿತ್ತಂತೆ. ಇಲ್ಲಿ ಕಾದ ತಾಮ್ರದ ಮೇಲೆ ಬ್ರಷ್ ಎತ್ತುವುದರೊಳಗೆ ಒಣಗಿ ಸಿಪ್ಪೆಯಾಗುತ್ತಿತ್ತು. ಒಣಗದೆ ಉಳಿದ ಕಡೆ ಪಡುವಣ ಗಾಳಿ ಹೊಲದ ಕರಿ ಧೂಳನ್ನು ತಂದು ಸುರಿಯುತ್ತಿತ್ತು. ಬೆಳಿಗ್ಗೆ ಹಚ್ಚಿದ ಬಂಗಾರ ಮಧ್ಯಾಹ್ನ ಅರಳೆಯಂತೆ ಹಾರಿ ಬೇಲಿಯ ಜಾಲಿಗೆ ಸಿಕ್ಕಿಕೊಳ್ಳುತ್ತಿತ್ತು.

"ಜಾಲಿಗಿಡಕ್ಕ ಭಾರೀ ಛಲೋ ಹಿಡದೈತಲ್ಲೋ," ಎಂದು ಹಸನಸಾಬ ಕೆಳಗಿನಿಂದ ಕೂಗುತ್ತಿದ್ದರು. "ಗುಮ್ಮಟ ಬಿಟ್ಟು ಅದಕ್ಕ ಹಚ್ಚು!"

ಗಾಳಿಗೆ ಉಪಾಯ ಹುಡುಕಿದವಳು ಅತಿಯಾ. ಮನೆಮನೆಗೆ ಹೋಗಿ ಹಳೆಯ ಜಮಖಾನೆ ಕೇಳಿ ತಂದು, ಅಟ್ಟಣಿಗೆಯ ಸುತ್ತ ಗೋಡೆಯಂತೆ ಕಟ್ಟಿಸಿದಳು. ಕೆಂಪು, ಹಳದಿ, ಹಸಿರು ಪಟ್ಟೆಗಳ ನಡುವೆ ಗುಮ್ಮಟ ಮದುಮಗಳಂತೆ ಮರೆಯಾಯಿತು. ಪಕ್ಕದ ಮನೆಯ ಅನ್ನವ್ವ ತನ್ನದನ್ನು ತಾನೇ ಹೆಗಲ ಮೇಲೆ ಹೊತ್ತು ತಂದಳು.

"ಅಕ್ಕೋರ, ಇದು ನನ್ನ ಮದವಿದು. ಅದರ ಮ್ಯಾಲ ಬಂಗಾರ ಬಿದ್ರ ಜಾಡಸಬ್ಯಾಡ್ರಿ, ಹಂಗ ಇರ್ಲಿ. ನಮ್ಮ ಮನಿಯವರು ಅಂತೂ ಒಂದ ಗುಂಜಿ ಹಾಕಲಿಲ್ಲ."

ಜಮಖಾನೆಯ ಒಳಗೆ ಗಾಳಿ ನಿಂತಿತು. ಅಲ್ಲಿ ಇಬ್ಬರೇ ಆದಾಗ ಮಾತು ಮೆಲ್ಲಗಾಗುತ್ತಿತ್ತು. ಬಿಸಿಲು ಬಟ್ಟೆಯಿಂದ ಸೋಸಿ ಅವನ ತೋಳಿನ ಮೇಲೆ ಕೆಂಪು ಪಟ್ಟೆ, ಅವಳ ಕಾಗದದ ಮೇಲೆ ಹಳದಿ ಪಟ್ಟೆ ಮೂಡಿಸುತ್ತಿತ್ತು. ಅವಳ ನೀರಿನ ಬಾಟಲಿ ಎಂದೂ ಬಿಸಿಲಿನಲ್ಲಿ ಇರುತ್ತಿರಲಿಲ್ಲ. ಯಾರು ನೆರಳಿಗೆ ಸರಿಸುತ್ತಾರೆ ಎಂದು ಅವಳು ಕೇಳಲಿಲ್ಲ. ಅವನ ಏಣಿಯ ಸಡಿಲ ಹಗ್ಗ ದಿನಾ ಬೆಳಿಗ್ಗೆ ಬಿಗಿಯಾಗಿರುತ್ತಿತ್ತು. ಅವನೂ ಕೇಳಲಿಲ್ಲ.

"ಅರ್ಮೇನಿಯಾದಾಗ ನೆಪ್ಪಾಗೂವಂಥದ್ದು ಏನೈತ್ರಿ?" ಎಂದಳು ಒಂದು ದಿನ.

"ಚಳಿ. ಮತ್ತ ಗುಮ್ಮಟದ ಮ್ಯಾಲಿಂದ ಕಾಣೂ ಒಂದು ಹಿಮದ ಗುಡ್ಡ. ಅದನ್ನ ನೋಡಿದಾಗೆಲ್ಲ ನಮ್ಮೂರಾಗ ಗುಡ್ಡನ ಇಲ್ಲಲಾ ಅಂತ ಅಳು ಬರತಿತ್ತು."

"ಗುಡ್ಡ ಇಲ್ಲಂತ ಅತ್ತವರನ್ನ ಇವತ್ತ ನೋಡಿದೆ."

"ಗುಡ್ಡಕ್ಕಲ್ರಿ ಅತ್ತಿದ್ದು," ಎಂದು ನಕ್ಕ. ಆ ನಗು ಪೂರ್ತಿಯಾಗುವ ಮೊದಲೇ ಫೋನು ಬಡಿಯಿತು. ಅರೆಬರೆ ರಷ್ಯನ್ನಿನಲ್ಲಿ ಏನೋ ಹೇಳಿ ಇಟ್ಟ.

"ಇನ್ನೊಂದು ಗುಮ್ಮಟ ಐತಂತ. ಜೂನ್ ಹತ್ತರ ಒಳಗ ಬಾ ಅಂತಾರ."

ಅತಿಯಾ ಪೆನ್ಸಿಲ್ಲಿನ ಮೊನೆಯನ್ನೇ ನೋಡುತ್ತ ಕೇಳಿದಳು. "ಹೋಗ್ತೀರೇನು?"

"ಇದು ಹಿಡದ್ರ ಹೋಗೂದಿಲ್ಲ. ಇಲ್ಲೇ ನವಲಗುಂದದಾಗ ಒಂದು ಅಂಗಡಿ ಹಾಕಬೇಕಂತ ಬಂದಾಂವ ನಾನು. ಮುತ್ತಜ್ಜ ಹಚ್ಚಿದ ಬಂಗಾರ ಎಂಬತ್ತು ವರ್ಷ ನಿಂತೈತಿ, ನಂದು ಎಂಟು ತಾಸು ನಿಂದರಲಿಲ್ಲ ಅಂದ್ರ ಈ ಊರಾಗ ಯಾವ ಮುಖ ಇಟಗೊಂಡ ತಿರುಗಾಡ್ಲಿ, ಹೇಳ್ರಿ?"

ಮರುದಿನ ಹಸನಸಾಬ ತೀರ್ಪು ಕೊಟ್ಟರು. ಮಳೆಗೆ ಮೊದಲು ಅಟ್ಟಣಿಗೆ ಬಿಚ್ಚಬೇಕು. ಮುಂದಿನ ವಾರದ ಶುಕ್ರವಾರದೊಳಗೆ ಬಂಗಾರ ಹಿಡಿಯದಿದ್ದರೆ ಉಳಿದ ವರ್ಕನ್ನು ಪೆಟ್ಟಿಗೆಯಲ್ಲಿಟ್ಟು, ಅಂಗಡಿಯ ಬಂಗಾರ ಬಣ್ಣ ಬಳಿಸುವುದು. ಆ ದಿನ ಅತಿಯಾ ನದೀಮನಿಗೆ ಕಳಿಸಿದ ಊಟದ ಡಬ್ಬಿ ಮುಚ್ಚಳ ಸಹ ತೆರೆಯದೆ ವಾಪಸು ಬಂತು.

ಶುಕ್ರವಾರಕ್ಕೆ ಒಂಬತ್ತು ದಿನವಿತ್ತು. ಅತಿಯಾ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿ, ಸೀದಾ ರೇಷ್ಮಾಬಿಯ ಮನೆಗೆ ನಡೆದಳು.

ರೇಷ್ಮಾಬಿಗೆ ಈಗ ಎಪ್ಪತ್ತು. ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹೊಗೆಯಾಗಿತ್ತು. ಹಜ್ಜೆಯ ಸದ್ದಿನಿಂದಲೇ, "ಹಸನಸಾಬನ ಮಗಳೇನು? ಚಪ್ಪಲಿ ಭಾಳ ಸಿಟ್ಟಲೆ ಬಿಟ್ಟಿ," ಎಂದಳು.

"ಖಾಲಾ, ಮುತ್ತಜ್ಜನವರು ಆ ಬಂಗಾರ ನಿಮ್ಮ ಮನಿ ಅಗಸಿ ಎಣ್ಣಿ ಮ್ಯಾಲ ಹಚ್ಚಿದ್ದಲ್ಲಾ? ಆ ಎಣ್ಣಿ ಮಾಡಿಕೊಡ್ರಿ."

"ಕಣ್ಣ ಹೋದ ಮ್ಯಾಲ ನಾ ಒಲಿ ಮುಂದ ಕುಂತಿಲ್ಲ ಬೇಟಿ."

"ಹಂಗಾದ್ರ ಹೆಂಗ ಮಾಡೂದು ಹೇಳ್ರಿ. ನಾ ಮಾಡ್ತೀನಿ."

ರೇಷ್ಮಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಮನ್ಯಾಗ ಬಂಗಾರ ಹಚ್ಚೂದು ಗಂಡಸರು, ಎಣ್ಣಿ ಕಾಸೂದು ಹೆಂಗಸರು. ನದೀಮಗೂ ಗೊತ್ತಿಲ್ಲ ಅದು. ನನ್ನ ಸ್ವಂತ ಮಗಳು ಖುಷ್ಬೂಗ ಸೈತ ನಾ ಹೇಳಿಲ್ಲ, ಆಕಿ ಬ್ಯಾರೆ ಮನಿಗೆ ಹೊಂಟಾಕಿ ಅಂತ. ಅತ್ತಿ ಸೊಸಿಗೆ ಹೇಳಬೇಕು, ಸೊಸಿ ಆಕಿ ಸೊಸಿಗೆ. ನೀ ಯಾರ ಸೊಸಿ ಬೇ?"

ಅತಿಯಾಳಿಗೆ ಕಿವಿಯವರೆಗೆ ಬಿಸಿಯೇರಿತು. ಇಬ್ಬರು ವರಗಳನ್ನು ಅವಳೇ ಬೇಡವೆಂದಿದ್ದಳು, ಒಬ್ಬ ನೌಕರಿ ಬಿಡು ಅಂದದ್ದಕ್ಕೆ, ಇನ್ನೊಬ್ಬ ಅವಳ ಚಿತ್ರಗಳನ್ನು ನೋಡಿ ಆಕಳಿಸಿದ್ದಕ್ಕೆ. ಚಪ್ಪಲಿ ಮೆಟ್ಟಿ ಬಂದ ದಾರಿಯಲ್ಲೇ ಹೊರಟಳು.

ಆದರೆ ವಾಸನೆ ಇತ್ತಲ್ಲ! ಅದನ್ನು ಯಾರೂ ಅವಳಿಂದ ಕಸಿದುಕೊಳ್ಳುವಂತಿರಲಿಲ್ಲ. ಹುರಿದ ಕಾಳು, ಕಹಿ, ಗಂಟಲಿಗೆ ಅಂಟುವುದು. ಅತಿಯಾ ಎರಡು ಸೇರು ಅಗಸೆಯನ್ನು ಕೆಂಪಗೆ ಹುರಿದು, ನವಲಗುಂದದ ಗಾಣಕ್ಕೆ ಒಯ್ದು ಎಣ್ಣೆ ತೆಗೆಸಿ ತಂದಳು. ಭಾನುವಾರ ಇಡೀ ದಿನ ಹಿತ್ತಲಿನಲ್ಲಿ ಕಾಸಿದಳು. ಸಂಜೆಗೆ ಅದೇ ಘಮ ಎದ್ದಿತು. ಅವಳಿಗೆ ಕಣ್ಣಲ್ಲಿ ನೀರೇ ಬಂತು.

ಸೋಮವಾರ ಎಣ್ಣೆಯ ಗಡಿಗೆಯನ್ನು ಅಟ್ಟಣಿಗೆಯ ಮೇಲೆ ಇಟ್ಟಾಗ ನದೀಮ್ ಮೂಗು ಮುಂದೆ ಮಾಡಿ ಗಡಿಗೆಯತ್ತ ಬಗ್ಗಿದ.

"ಇದು ನಮ್ಮನಿ ವಾಸ್ನಿ," ಅಂದ. "ಅಮ್ಮಿ ಮಾಡಿಕೊಟ್ಟಳಾ? ಕಣ್ಣ ಕಾಣೂದಿಲ್ಲಲಾ ಆಕಿಗೆ?"

ಹೂಂ ಎಂದರೆ ಅವನು ಹಚ್ಚುತ್ತಾನೆ. ಇಲ್ಲ ಎಂದರೆ, ಊರಿನ ವರಾಡದ ಬಂಗಾರವನ್ನು ಡ್ರಾಯಿಂಗ್ ಟೀಚರಳ ಮೂಗನ್ನು ನಂಬಿ ಯಾರು ಹಾಕುತ್ತಾರೆ?

"ನನಗ ಕಲಿಸ್ಯಾರ," ಎಂದುಬಿಟ್ಟಳು.

ಹೇಳಿದ ಮೇಲೆ ಅವನ ಮುಖ ನೋಡಿದಳು. ನೋಡಬಾರದಿತ್ತು. ಆ ಮನೆಯಲ್ಲಿ ಎಣ್ಣೆಯನ್ನು ಯಾರಿಗೆ ಕಲಿಸುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ ಮಾತೇ? ಅವನ ಹುಬ್ಬಿನ ನಡುವೆ ಹದಿನೈದು ದಿನದಿಂದ ಕಟ್ಟಿಕೊಂಡಿದ್ದ ಗಂಟು ಒಂದೊಂದೇ ಎಳೆ ಬಿಚ್ಚಿಕೊಂಡಿತು. ಅವನು ಬ್ರಷ್ಷನ್ನು ಎಣ್ಣೆಗೆ ಅದ್ದಿದ. ಆ ಇಡೀ ಸಂಜೆ ಸಣ್ಣಗೆ ಗುನುಗುತ್ತ ಹಚ್ಚಿದ. ಇಳಿಯುವಾಗ ಕೈ ನೀಡಿ, "ಸಾವಕಾಶ, ಅತಿಯಾ," ಅಂದ. ಮೊದಲ ಸಲ ಹೆಸರು ಹಿಡಿದಿದ್ದ.

ಮಂಗಳವಾರ ನಸುಕಿನಲ್ಲಿ ಎಣ್ಣೆ ಹಸಿಯಾಗಿತ್ತು. ಬುಧವಾರವೂ ಹಸಿ. ಕಾಯಲಾರದೆ ನದೀಮ್ ಒಂದು ಮಗ್ಗುಲಿಗೆ ವರ್ಕು ಹೊದಿಸಿದ. ಬಿಸಿಲೇರುತ್ತಿದ್ದಂತೆ ಅದು ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ನೆರಿಗೆ ನೆರಿಗೆಯಾಗಿ ಗುಮ್ಮಟದಿಂದ ಜಾರತೊಡಗಿತು. ಇಬ್ಬರೂ ಕೈಕಟ್ಟಿ ನೋಡಿದರು. ಹಿಡಿಯಲು ಹೋದರೆ ಪುಡಿಯಾಗುವ ವಸ್ತುವನ್ನು ಏನೆಂದು ಹಿಡಿಯುವುದು?

"ಅಮ್ಮಿ ಕೈ ಎಣ್ಣಿ ಹಿಂಗ ಆಗೂದಿಲ್ಲ," ಎಂದ ನದೀಮ್. "ಏನ ಕಲಿಸಿದ್ಲು ನಿಮಗ?"

ಅತಿಯಾ ಗಡಿಗೆಯನ್ನು ಬದಿಗೆ ಸರಿಸಿದಳು. "ಕಲಿಸಿಲ್ರಿ. ಕೇಳಿದ್ದೆ, ಒಲ್ಲೆ ಅಂದ್ರು. ನಾನ ವಾಸ್ನಿ ನೆಪ್ಪಿನ ಮ್ಯಾಲ ಮಾಡಿದೆ. ನಿಮಗ ಸುಳ್ಳ ಹೇಳಿದೆ."

ಅವನು ಸಿಟ್ಟಾಗಿದ್ದರೆ ಸರಿಯಿತ್ತು. ಸಿಟ್ಟಿಗೆ ಅವಳಲ್ಲೂ ಮಾತಿತ್ತು. ಅವನು ಹಲಗೆಯ ಮೇಲೆ ಕುಳಿತು, ಬ್ರಷ್ಷಿಗೆ ಹತ್ತಿದ ಬಂಗಾರದ ಚೂರನ್ನು ನೋಡುತ್ತಿದ್ದ.

"ಬಂಗಾರ ಹೋಗ್ಲಿ ಬಿಡ್ರಿ," ಎಂದ. "ಕಲಿಸ್ಯಾಳ ಅಂದ್ರೆಲ್ಲಾ... ಸೋಮವಾರದಿಂದ ನಾ ಅದ ಒಂದ ಮಾತು ಹಿಡಕೊಂಡ ಕುಂತಿದ್ದೆ. ಟಿಕೆಟ್ ಬ್ಯಾಡ ಅಂತ ಹೇಳಿಬಿಟ್ಟಿದ್ದೆ ಅರ್ಮೇನಿಯಾದವರಿಗೆ. ಇನ್ನ ಮತ್ತ ಫೋನ್ ಹಚ್ಚಬೇಕು."

ಅವಳ ಕಾಗದದ ಸುರುಳಿ ಹಲಗೆಯಿಂದ ಉರುಳಿ ಬೀಳುವುದರಲ್ಲಿತ್ತು. ಅಷ್ಟು ಬೇಸರದಲ್ಲೂ ಅವನು ಕಾಲು ಚಾಚಿ ಅದನ್ನು ತಡೆದು, ಎತ್ತಿ, ಅವಳ ಬದಿಗಿಟ್ಟ. ಆಮೇಲೆ ಒಬ್ಬನೇ ಇಳಿದುಹೋದ. ಬೈದಿದ್ದರೂ ಆಗುತ್ತಿತ್ತು. ಆ ಕಾಗದ ಎತ್ತಿಟ್ಟದ್ದನ್ನು ಅತಿಯಾಳಿಗೆ ತಾಳಲಾಗಲಿಲ್ಲ.

ಅವಳು ಎರಡನೆಯ ಸಲ ರೇಷ್ಮಾಬಿಯ ಮನೆಗೆ ಹೋದಾಗ ಚಪ್ಪಲಿಯನ್ನು ಸದ್ದಿಲ್ಲದೆ ಬಿಟ್ಟಳು. ಎಲ್ಲವನ್ನೂ ಹೇಳಿದಳು. ಅಗಸೆ ಹುರಿದದ್ದು, ಗಾಣಕ್ಕೆ ಹೋದದ್ದು, ನಿಮ್ಮ ಹೆಸರು ಹೇಳಿ ಸುಳ್ಳಾಡಿದ್ದು, ಬಂಗಾರ ಜಾರಿದ್ದು.

"ಹುರದಿ?" ಎಂದಳು ರೇಷ್ಮಾಬಿ. "ಅಗಸಿ ಹುರದಿ ಏನ ನೀ?"

"ಹುರಿದ ವಾಸ್ನಿನ ಬರತಿತ್ತಲ್ರಿ. ನಾ ವರ್ಷಾ ವರ್ಷಾ ಗ್ವಾಡಿ ಹತ್ರ ನಿಂದರತಿದ್ದೆ."

ರೇಷ್ಮಾಬಿ ನಕ್ಕಳು. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಯ್ಯ ನನ್ನ ಬಂಗಾರದಂಥಾಕಿ! ಎಣ್ಣಿಗೆ ಅಗಸಿ ಹುರೀಬಾರ್ದು. ಹುರದ್ರ ಒಣಗೂದ ಇಲ್ಲ. ಹಸೀ ಕಾಳಿನ ಎಣ್ಣಿ ಬೇಕು. ಎಣ್ಣಿ ಕಾಯೂ ವಾಸ್ನಿ ಓಣ್ಯಾನ ಮಂದಿಗೆ ತಿಳೀಬಾರ್ದಂತ, ನಮ್ಮತ್ತಿ ಬಾಜು ಒಲಿ ಮ್ಯಾಲ ಹಿಂಡಿಗೆ ಅಗಸಿ ಹುರೀಲಿಕ್ಕೆ ಹಚ್ಚತಿದ್ಲು. ಬಂದ ಹುಡುಗ್ರಿಗೆ ರೊಟ್ಟಿ ಹಿಂಡಿ ಕೊಟ್ಟ ಕಳಸೂದು. ಎಲ್ಲಾರೂ ಹಿಂಡಿ ಮಾಡಾಕತ್ತಾರ ಅಂದ್ಕೋಬೇಕು! ಮೂರ ತಲಿ ಹೆಂಗಸರು ಮಾಡಿದ ಮೋಸ ಇದು. ಇಪ್ಪತ್ತೈದು ವರ್ಷದ ಮ್ಯಾಲ ನನ್ನ ಮಗನ ಗುಮ್ಮಟಕ್ಕ ಬಂದು ಬಿತ್ತು ನೋಡು."

ಅತಿಯಾಳಿಗೆ ನಗು ಬರಲಿಲ್ಲ. ಬಾಲ್ಯದಿಂದ ಜೋಪಾನ ಮಾಡಿದ್ದು ಅರ್ಧ ಚಟ್ನಿಯ ವಾಸನೆಯಾಗಿತ್ತು. ಅವಳು ಗೋಡೆಗೊರಗಿ ಕುಳಿತು ಅತ್ತಳು.

ಮುದುಕಿಯ ಕೈ ತಡಕಾಡುತ್ತ ಬಂದು ಅವಳ ತಲೆಯನ್ನು ಹುಡುಕಿತು.

"ಸುಳ್ಳ ಹೇಳಿದ್ದು ತಪ್ಪು," ಎಂದಳು ರೇಷ್ಮಾಬಿ. "ಹೇಳಿದ ಸುಳ್ಳು ಮಾತ್ರ ನನ್ನ ಮನಸಿಗೆ ಬಂತು. ಖರೇ ಮಾಡೂಣು ಅಂದ್ರ, ಏಳು. ಬಾಗಿಲಾ ಹಾಕು."

ಒಳಗಿನ ಕೋಣೆಯ ಮೂಲೆಯಲ್ಲಿ, ಬಟ್ಟೆ ಕಟ್ಟಿದ ಗಡಿಗೆಯಲ್ಲಿ, ಹಸಿ ಅಗಸೆಯ ಎಣ್ಣೆ ತಿಳಿಯಾಗಿ ಕುಳಿತಿತ್ತು. ಕಾಸುವವರು ಬರುತ್ತಾರೆಂದು ಅದನ್ನು ಎಷ್ಟು ವರ್ಷದಿಂದ ಇಟ್ಟಿದ್ದಳೋ. ರೇಷ್ಮಾಬಿ ಕುಳಿತಲ್ಲಿಂದ ಹೇಳಿದಳು, ಅತಿಯಾ ಒಲೆಯ ಮುಂದೆ ಮಾಡಿದಳು. ಉರಿ ಎಷ್ಟು, ನಡುವೆ ಬೀಳುವ ಪುಡಿ ಯಾವುದು, ನೊರೆ ಯಾವ ಬಣ್ಣಕ್ಕೆ ತಿರುಗಿದಾಗ ಇಳಿಸುವುದು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅದು ಸೊಸೆಯ ಕಿವಿಗೆ ಹೋದ ಮಾತು. ಕೊನೆಗೆ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆಯಬೇಕು, ಇಷ್ಟನ್ನು ಹೇಳಬಹುದು.

"ಎಳಿ ಹರೀತೇನು?"

"ಹರೀಲಿಲ್ಲ, ಖಾಲಾ. ಜೋತು ಬಿತ್ತು."

"ಹಂಗಾದ್ರ ಆತು." ರೇಷ್ಮಾಬಿ ಉಸಿರು ಬಿಟ್ಟಳು. "ಇನ್ನ ಮ್ಯಾಲೆ ಖಾಲಾ ಅನಬ್ಯಾಡ."

ಗುರುವಾರ ಸಂಜೆ ಅತಿಯಾ ಗಡಿಗೆಯನ್ನು ತಂದಾಗ ನದೀಮ್ ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದ. ಅವಳು ಗಡಿಗೆಯನ್ನು ಕೆಳಗಿಟ್ಟು ಒಂದೇ ಮಾತು ಹೇಳಿದಳು.

"ಈ ಸಲ ಖರೇನ ಕಲಿಸ್ಯಾರ. ಹೋಗಿ ಕೇಳಕೊಂಡ ಬರ್ರಿ. ನಾ ಇಲ್ಲೇ ಇರತೀನಿ."

ಅವನು ಅವಳ ಬೆರಳುಗಳನ್ನು ನೋಡಿದ. ಎರಡು ತುದಿಗಳಲ್ಲಿ ಬಿಸಿ ಎಣ್ಣೆಯ ಕೆಂಪು ಗುಳ್ಳೆ ಎದ್ದಿತ್ತು. ಅವನು ಕೇಳಲು ಹೋಗಲಿಲ್ಲ. ತನ್ನ ಬಾಟಲಿಯ ನೀರನ್ನು ಆ ಬೆರಳುಗಳ ಮೇಲೆ ಸುರಿದು, ಬಟ್ಟೆಯ ಗಂಟನ್ನು ಬಿಚ್ಚಿದ. ಹಳೆಯ ಎಣ್ಣೆಯನ್ನು ಒರೆಸಿ, ಕತ್ತಲಾಗುವುದರೊಳಗೆ ಮೂಡಣ ಮಗ್ಗುಲಿಗೆ ಹೊಸದನ್ನು ಹಚ್ಚಿದ.

ಶುಕ್ರವಾರ ಹೊತ್ತು ಮೂಡುವ ಮೊದಲು, ಗಾಳಿ ಇನ್ನೂ ಎದ್ದಿರದ ಹೊತ್ತಿನಲ್ಲಿ, ಇಬ್ಬರೂ ಜಮಖಾನೆಯ ಒಳಗೆ ನಿಂತರು. ನದೀಮ್ ಬೆರಳಿನ ಗೆಣ್ಣನ್ನು ಗುಮ್ಮಟಕ್ಕೆ ಮುಟ್ಟಿಸಿ ಮೆಲ್ಲಗೆ ಎಳೆದ. ಕೀಚ್ ಎಂದು ಒಂದು ಸಣ್ಣ ಸದ್ದು.

"ಕೇಳ್ತಾ? ಹದಾ ಬಂದಾಗ ಅದು ಹಿಂಗ ಕೂಗತೈತಿ. ನಾಲ್ಕು ವರ್ಷದಾಗ ಇಷ್ಟ ಛಲೋ ಕೂಗಿದ್ದು ನಾ ಕೇಳಿಲ್ಲ."

ಬ್ರಷ್ಷನ್ನು ಕೆನ್ನೆಗೆ ಎಳೆದುಕೊಳ್ಳಲು ಹೋಗಿ, ತಡೆದು, ಅವಳತ್ತ ನೋಡಿದ. ಅವಳು ಮುಖವನ್ನು ಸ್ವಲ್ಪ ಈಚೆ ತಿರುಗಿಸಿದಳು. ಮೆತ್ತನೆಯ ಕೂದಲು ಅವಳ ಕೆನ್ನೆಯ ಮೇಲೆ ಒಮ್ಮೆ ಹಾದುಹೋಯಿತು.

"ಸುಡಲಿಲ್ಲಲಾ ಬ್ರಷ್ಷು?" ಎಂದಳು.

"ಬ್ರಷ್ಷಿಗೇನೂ ಆಗಿಲ್ಲ," ಎಂದ ನದೀಮ್.

ವರ್ಕು ತಾಮ್ರದ ಮೇಲೆ ಕುಳಿತಿತು. ಮುಂದಿನದು ಅದರ ಪಕ್ಕಕ್ಕೆ. ಊದಿದರೂ ಅಲುಗಲಿಲ್ಲ, ಅರಳೆಯಿಂದ ಒತ್ತಿದರೂ ಸುಕ್ಕಾಗಲಿಲ್ಲ. ಹಲಗೆಯ ಮೇಲಿದ್ದ ಫೋನು ಎರಡು ಸಲ ಬಡಿದು ತಾನೇ ಸುಮ್ಮನಾಯಿತು. ಹದ ಮೀರುವ ಮೊದಲು ಮುಗಿಸಬೇಕು, ಇಳಿಯುವಂತಿಲ್ಲ, ಮಾತಾಡುವಂತಿಲ್ಲ. ಅವಳು ವರ್ಕಿನ ಪುಸ್ತಕದ ಹಾಳೆ ತೆರೆಯುತ್ತಿದ್ದಳು, ಅವನು ಎತ್ತುತ್ತಿದ್ದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮೂಡಣ ಮಗ್ಗುಲೆಲ್ಲ ಬಂಗಾರವಾಗಿತ್ತು. ಜಮಖಾನೆಯ ಒಳಗೆಲ್ಲ ಅದರದೇ ಬೆಳಕು.

ನದೀಮ್ ಹಲಗೆಯ ಮೇಲೆ ಕುಸಿದು ಕುಳಿತ. "ಅಮ್ಮಿ ಕಲಿಸ್ಯಾಳ ಅಂದ್ರ ಅದರ ಅರ್ಥ ಏನಂತ ನಿಮಗ..."

"ನಾ ಟೀಚರ್ ಅದೀನ್ರಿ. ಅರ್ಥ ಕೇಳೂದು ನನ್ನ ಕೆಲಸ, ಹೇಳೂದು ನಿಮ್ಮದು."

"ಹೇಳಾಕ ಬರಾಂಗಿಲ್ಲ ನನಗ."

"ಬರೂತನಕ ಕುಂದ್ರಸ್ತೀನಿ. ನವಲಗುಂದದಾಗ ಅಂಗಡಿ ಹಾಕ್ರಿ. ದಿನಾ ಸಂಜಿಕ್ಕೆ ಪಾಠ."

ಅವನು ಜೋರಾಗಿ ನಕ್ಕ. ಆಗಲೇ ಏಣಿ ಕಿರುಗುಟ್ಟಿತು. ಅನ್ನವ್ವನ ಮದುವೆಯ ಜಮಖಾನೆಯನ್ನು ಸರಿಸಿ ಹಸನಸಾಬ ತಲೆ ಒಳಗೆ ಹಾಕಿದರು. ಶುಕ್ರವಾರದ ನಮಾಜಿಗೆ ತೊಟ್ಟ ಬಿಳಿ ಅಂಗಿ, ಒಂದು ಕೈಯಲ್ಲಿ ಬಟ್ಟೆಯ ಗಂಟು. ಬಂಗಾರ ಬಣ್ಣದ ಡಬ್ಬಿ ತರುತ್ತೇನೆ ಎಂದು ನಿನ್ನೆ ಹೇಳಿದ್ದವರು. ಗುಮ್ಮಟವನ್ನು ನೋಡಿದರು. ಮಗಳನ್ನು ನೋಡಿದರು, ಅವಳ ಕೆನ್ನೆಯ ಮೇಲೆ ಮಿನುಗುತ್ತಿದ್ದ ಚೂರನ್ನು ನೋಡಿದರು.

ಗಂಟು ರೇಷ್ಮಾಬಿಯ ಹಳೆಯ ಹಸಿರು ಸೆರಗಿನದು; ದಾರಿಯಲ್ಲಿ ಕರೆದು, ಎಣ್ಣೆಯ ಮಾತು ಹೇಳಿ, ಅವಳೇ ಕಟ್ಟಿ ಕೊಟ್ಟಿದ್ದಳು. ಹಸನಸಾಬ ಅದನ್ನು ಹಲಗೆಯ ಮೇಲೆ ಬಿಚ್ಚಿದರು. ಹುರಿದ ಅಗಸೆಯ ಘಮ ಎದ್ದಿತು. ಒಂದು ರೊಟ್ಟಿಯನ್ನು ಮಡಿಚಿ, ಒಳಗೆ ಹಿಂಡಿ ಸವರಿ, ಮಗಳಿಗಲ್ಲ, ಮೊದಲು ನದೀಮನ ಕೈಗೆ ಕೊಟ್ಟರು.